ಉಜಿಹಾರರ ಮೆಲ್ಲನೆಯ ಕಾಲು

ಹಿರೋಶಿಮಾದಲ್ಲಿ ನಾನು ಮೂವತ್ನಾಲ್ಕು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಕಾರನ್ನು ಅಡ್ಡಾದಿಡ್ಡಿ ಓಡಿಸಿ ಹಾಳು ಮಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಮುದ್ದು ಮಾಡಿ ಹಾಳು ಮಾಡಿದವರು ಉಜಿಹಾರ ತೊಕುಜಿ ಒಬ್ಬರೇ.

ಅವರು ಮೂವತ್ತೆಂಟು ವರ್ಷ ಊರಿನ ಟ್ರಾಮ್ ಓಡಿಸಿದವರು. ಅವರ ಟ್ರಾಮಿನಲ್ಲಿ ನಿಂತವರು ಹಿಡಿಕೆ ಹಿಡಿಯುವುದನ್ನೇ ಮರೆಯುತ್ತಿದ್ದರು, ಅಷ್ಟು ನಯ. ಅರವತ್ತಕ್ಕೆ ನಿವೃತ್ತರಾದ ಮರುವಾರ, ಯಾರಿಗೂ ಹೇಳದೆ ಕೇಳದೆ, ನೀಲಿ ಬಣ್ಣದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಕೊಂಡು ತಂದರು. ಪಿಸ್ಟನ್ ಇಲ್ಲದ, ಒಳಗೆ ತ್ರಿಕೋನದ ಲೋಹ ಗಿರ್ರನೆ ತಿರುಗುವ ರೋಟರಿ ಎಂಜಿನ್ ಅದರದು. ಆ ಎಂಜಿನ್ ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತಿನವರೆಗೆ ಏರುತ್ತದೆ. ಉಜಿಹಾರರು ಹನ್ನೊಂದು ವರ್ಷ ಅದನ್ನು ಎರಡು ಸಾವಿರ ದಾಟಿಸಲಿಲ್ಲ.

ಬುಧವಾರ ಮಾರುಕಟ್ಟೆಗೆ ಎರಡು ಕಿಲೋಮೀಟರ್. ಕನ್ನಡಿಗೊಮ್ಮೆ ಸಿಗ್ನಲ್ಲಿಗೊಮ್ಮೆ ಬೆರಳು ತೋರಿಸಿ, ‘ಹಿಂದೆ ಎಲ್ಲ ಸರಿ, ಮುಂದೆ ಎಲ್ಲ ಸರಿ’ ಎಂದು ಗಟ್ಟಿಯಾಗಿ ಹೇಳುವುದು, ಟ್ರಾಮಿನ ಅಭ್ಯಾಸ. ಭಾನುವಾರ ಬೆಳಿಗ್ಗೆ ತೊಳೆಯುವುದು. ತೊಳೆಯಲು ಕಾರನ್ನು ಮಾಡಿನ ಕೆಳಗಿನಿಂದ ನಾಲ್ಕು ಮೀಟರ್ ಹೊರಗೆ ತರಬೇಕು. ಎಂಜಿನ್ ಹಚ್ಚಿ, ತಂದು, ಪಕ್ಕದ ಮನೆಯವರಿಗೆ ಸದ್ದಿನ ಕಿರಿಕಿರಿ ಆಗಬಾರದೆಂದು ಆ ಕ್ಷಣವೇ ಆರಿಸಿಬಿಡುತ್ತಿದ್ದರು. ತೊಳೆದಾದ ಮೇಲೆ ಮತ್ತೆ ಹಚ್ಚಿ ನಾಲ್ಕು ಮೀಟರ್ ಹಿಂದೆ. ನಮ್ಮ ಬೀದಿಯಲ್ಲಿ ಎಲ್ಲರೂ ಹೀಗೇ ಮಾಡುವುದು. ಬೇರೆ ಎಂಜಿನ್‌ಗಳು ಸಹಿಸಿಕೊಳ್ಳುತ್ತವೆ. ರೋಟರಿ ಸಹಿಸುವುದಿಲ್ಲ. ತಣ್ಣಗಿರುವಾಗ ಹಚ್ಚಿ ಆರಿಸಿದರೆ ಪೆಟ್ರೋಲು ಉರಿಯದೆ ಒಳಗೇ ಉಳಿದು ಮಸಿ ಕಟ್ಟುತ್ತದೆ.

ಕಳೆದ ಅಕ್ಟೋಬರಿನಲ್ಲಿ, ಎರಡು ವರ್ಷಕ್ಕೊಮ್ಮೆ ಬರುವ ಸರ್ಕಾರಿ ತಪಾಸಣೆಗೆ ಹತ್ತು ದಿನ ಇರುವಾಗ, ಆ ಕಾರು ನನ್ನಲ್ಲಿಗೆ ಬಂತು. ಹೊಗೆ ಮಿತಿ ಮೀರಿತ್ತು. ಒಳಗಿನ ಒತ್ತಡ ಅಳೆದರೆ ಎಂಟೂವರೆ ಇರಬೇಕಾದಲ್ಲಿ ಆರೂವರೆ. ತಪಾಸಣೆಯಲ್ಲಿ ಬಿದ್ದರೆ ರಸ್ತೆಗಿಳಿಯುವ ಹಾಗಿಲ್ಲ, ಗುಜರಿಯೇ ಗತಿ.

“ನಾನು ಒಂದು ದಿನವೂ ಜೋರಾಗಿ ಓಡಿಸಿಲ್ಲ, ಸೆರಾ ಅವರೇ,” ಎಂದರು ಉಜಿಹಾರರು.

“ಅದರಿಂದಲೇ ನೋಡಿ ಹೀಗಾಗಿರೋದು,” ಎಂದೆ. ನನಗೆ ಸಿಟ್ಟು ಬಂದಿತ್ತು. “ಮೆಲ್ಲಗೆ ಓಡಿಸೋದು ತಪ್ಪಲ್ಲ. ಹನ್ನೊಂದು ವರ್ಷದಲ್ಲಿ ಒಂದ್ಸಲನಾದ್ರೂ ಅದನ್ನ ಸರಿಯಾಗಿ ಬಿಸಿಯಾಗೋಕೆ ಬಿಟ್ರಾ? ಓಟಗಾರನ್ನ ಕರ್ಕೊಂಡು ಬಂದು ಹಾಸಿಗೆ ಮೇಲೆ ಮಲಗಿಸಿದೀರಿ.”

ಅವರ ಮುಖ ಚಿಕ್ಕದಾಯಿತು. ಬೈಯಬಾರದಿತ್ತು ಅನಿಸಿತು. ಹೆದ್ದಾರಿಯಲ್ಲಿ ಅರ್ಧ ಗಂಟೆ ಏಳೆಂಟು ಸಾವಿರ ಸುತ್ತಿನಲ್ಲಿ ಓಡಿಸಿದರೆ ಮಸಿ ಉರಿದು ಎಂಜಿನ್ ಚೇತರಿಸಿಕೊಳ್ಳಬಹುದು, ಅಥವಾ ಅಲ್ಲೇ ಮುರಿಯಲೂಬಹುದು, ನಾನು ಓಡಿಸಿ ತರುತ್ತೇನೆ ಎಂದೆ. ಅದಕ್ಕೆ ಸುತರಾಂ ಒಪ್ಪಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಹೊರಟರು. ಸುತ್ತು ತೋರಿಸುವ ಮುಳ್ಳು ಮೂರು ಸಾವಿರಕ್ಕೆ ಬಂದಾಗಲೆಲ್ಲ ಅವರ ಕಾಲು ತಾನಾಗಿ ಮೇಲೇಳುತ್ತಿತ್ತು. ಹಾಗೇ ವಾಪಸು ಬಂದೆವು.

ಮನೆಯ ಮುಂದೆ ಅವರ ಹೆಂಡತಿ ಫುಸಾಎ ನಿಂತಿದ್ದರು. ಸುದ್ದಿ ಕೇಳಿ, ಒಳಗೆ ಹೋಗಿ ಕೈಚೀಲ ತಂದರು.

“ಸೆರಾ ಅವರೇ, ನೀವು ಹಿಂದೆ ಕೂತ್ಕೊಳ್ಳಿ. ನಾನು ಬರ್ತೀನಿ.”

“ನಿನಗೆ ತಲೆ ಸುತ್ತತ್ತೆ,” ಎಂದರು ಉಜಿಹಾರರು.

“ನನ್ನ ತಲೆ, ನಾನು ನೋಡ್ಕೋತೀನಿ.”

ಆ ಕಾರಿನ ಹಿಂದಿನ ಸೀಟು ಹೆಸರಿಗಷ್ಟೇ. ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ತುರುಕಿಕೊಂಡೆ. ಹೆದ್ದಾರಿ ಸೇರುವಾಗ ಉಜಿಹಾರರು ಬೆರಳು ತೋರಿಸಿ ‘ಬಲಗಡೆ ಎಲ್ಲ ಸರಿ’ ಎಂದರು. ಮುಳ್ಳು ಮೂರು ಸಾವಿರಕ್ಕೆ ಬಂತು, ಕಾಲು ಎದ್ದಿತು. ಮತ್ತೆ ಬಂತು, ಮತ್ತೆ ಎದ್ದಿತು.

“ಇನ್ನೂ ಒತ್ತಬೇಕಾ?” ಎಂದು ಫುಸಾಎ ನನ್ನನ್ನು ಕೇಳಿದರು.

“ಇದರ ಎರಡರಷ್ಟಕ್ಕಿಂತ ಜಾಸ್ತಿ ಏರಬೇಕು ಅಮ್ಮಾ.”

ಅವರು ಗಂಡನ ಕಡೆ ತಿರುಗಿದರು. “ರೀ, ನನ್ನ ಹೊಟ್ಟೇಲಿ ಈಗ ಯಾರೂ ಇಲ್ಲ. ಒತ್ತಿ.”

ಉಜಿಹಾರರು ಗೇರು ಒಂದು ಇಳಿಸಿ ಒತ್ತಿದರು. ಐದು ಸಾವಿರ, ಏಳು, ಎಂಟು. ಸುತ್ತು ಮಿತಿಗೆ ಬಂದಾಗ ಎಚ್ಚರಿಸುವ ಗಂಟೆ ಕೀಂ ಎಂದಿತು. ಹನ್ನೊಂದು ವರ್ಷದಲ್ಲಿ ಅದು ಬಾಯಿ ಬಿಟ್ಟದ್ದು ಅದೇ ಮೊದಲು. ಹಿಂದಿನ ಗಾಜಿನಲ್ಲಿ ನೋಡಿದೆ, ಕರಿ ಹೊಗೆ ದಟ್ಟವಾಗಿ ಹೊರಟು ಬರಬರುತ್ತಾ ತೆಳುವಾಯಿತು. ಅರ್ಧ ಗಂಟೆ ಅವರು ಕಾಲು ಸಡಿಲಿಸಲಿಲ್ಲ. ಆ ಕಾರು ತಪಾಸಣೆಯಲ್ಲಿ ಪಾಸಾಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಆ ಓಟ ಮುಗಿದ ಮೇಲೆ ದಾರಿಬದಿಯ ತಂಗುದಾಣದಲ್ಲಿ ನಿಲ್ಲಿಸಿದರು. ಮುಂದಿನ ಸೀಟು ಮಡಚದೆ ನಾನು ಇಳಿಯುವ ಹಾಗಿರಲಿಲ್ಲ, ಅವರಿಬ್ಬರೂ ಏಳಲಿಲ್ಲ. ಹಾಗಾಗಿ ಕೇಳಬಾರದ್ದನ್ನು ಕೇಳಿಸಿಕೊಂಡೆ. ಮದುವೆಯಾದ ಮರುವರ್ಷ, ಐದು ತಿಂಗಳ ಬಸುರಿ ಫುಸಾಎ ಗಂಡನ ಟ್ರಾಮ್ ಹತ್ತಿದ್ದರಂತೆ. ಹಳಿಯ ಮೇಲೆ ಒಬ್ಬ ಹುಡುಗಿ ಸೈಕಲ್ ಸಮೇತ ಬಿದ್ದಳು, ಉಜಿಹಾರರು ಇದ್ದಬದ್ದ ಬ್ರೇಕನ್ನೆಲ್ಲ ಹಾಕಿದರು. ಹುಡುಗಿ ಉಳಿದಳು. ಒಳಗೆ ಫುಸಾಎ ಕಂಬಕ್ಕೆ ಬಡಿದು ಬಿದ್ದರು. ನಿಯಮದ ಪ್ರಕಾರ ಚಾಲಕ ಮೊದಲು ಹಳಿ ನೋಡಿ, ಕಚೇರಿಗೆ ವರದಿ ಕೊಡಬೇಕು. ಉಜಿಹಾರರು ಅಷ್ಟನ್ನೂ ಮಾಡಿಯೇ ಹೆಂಡತಿಯ ಹತ್ತಿರ ಬಂದರು. ಮಗು ಉಳಿಯಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ.

“ಬ್ರೇಕ್ ಹಾಕಿದ್ದಕ್ಕೆ ನಿನಗೆ ನನ್ನ ಮೇಲೆ ಕೋಪ ಇದೆ,” ಎಂದರು ಉಜಿಹಾರರು. ಕಣ್ಣು ಮುಂದಿನ ಗಾಜಿನ ಮೇಲೇ ಇತ್ತು.

“ಬ್ರೇಕ್ ಹಾಕಿದ್ದಕ್ಕಲ್ಲ. ಹಾಕ್ದೆ ಏನ್ಮಾಡ್ತಿದ್ರಿ, ಯಾರದೋ ಮನೆ ಮಗು. ಆದ್ರೆ ಆಮೇಲೆ ನಮ್ಮ ಮಗು ಬಗ್ಗೆ ಒಂದು ಮಾತೂ ಆಡ್ಲಿಲ್ಲ ನೀವು. ಬರೀ ಮೆಲ್ಲಗೆ ಓಡಿಸಿದ್ರಿ. ಇಷ್ಟು ವರ್ಷ ಮೆಲ್ಲಗೆ ಓಡಿಸ್ತಾನೇ ಬಂದ್ರಿ. ನನಗೇನು ಬಂತು ಅದರಿಂದ?”

ನನಗೆ ಕಾಲು ಜೋಮು ಹಿಡಿದಿತ್ತು, ಅಲುಗಾಡಲು ಧೈರ್ಯ ಬರಲಿಲ್ಲ.

“ಇದ್ದಿದ್ರೆ ಈಗ ನಲವತ್ನಾಲ್ಕು,” ಎಂದರು ಕೊನೆಗೆ ಉಜಿಹಾರರು.

“ನಲವತ್ಮೂರು,” ಎಂದರು ಫುಸಾಎ. “ಫೆಬ್ರವರಿಗೆ ನಲವತ್ನಾಲ್ಕು ತುಂಬತ್ತೆ.”

“ಹೌದು. ಫೆಬ್ರವರಿಗೆ,” ಎಂದರು ಉಜಿಹಾರರು, ಹೆಂಡತಿಯ ಮುಖ ನೋಡಿ.