ಮಾನವ್ವ ಜರಡಿ ಹಿಡಿದ ಹೂಳು

ಲಕ್ಕಲಕಟ್ಟಿಯ ಮಾನವ್ವನ ಅಂಗೈಗೆ ಚಿಟಿಕೆ ಮಣ್ಣು ಹಾಕಿದರೆ ಸಾಕು, ಅದು ಯಾವ ಕೆರೆಯದು, ಯಾವ ಮಳೆಗೆ ಹರಿದು ಬಂತು, ದಾರಿಯಲ್ಲಿ ಯಾರ ಎಮ್ಮೆ ತುಳಿಯಿತು ಎಂಬುದನ್ನೆಲ್ಲ ಹೇಳಿಬಿಡುತ್ತಾಳೆ. ಮಣ್ಣಿನ ವಿಷಯದಲ್ಲಿ ಆಕೆ ತಪ್ಪಿದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಆಕೆ ಮಾಡಿದ ಎತ್ತುಗಳು ಒಣಗುವ ಮೊದಲೇ ಮೇವಿಗೆ ಕೂಗಿದ್ದನ್ನು ಈ ಕಿವಿ ಕೇಳಿದೆ.

ಆದರೆ ಕುಳಿತಲ್ಲಿ ಕೂಡುವ ಹೆಂಗಸಲ್ಲ. ಈ ಬೇಸಿಗೆಯಲ್ಲಂತೂ ಕಾಲಿಗೆ ಚಕ್ರ ಬಂದಿತ್ತು. ಕೆರೆಯ ಹೂಳೆತ್ತಿ ಹೊಲಗಳಿಗೆ ಹಾಕುವ ಕೆಲಸ ನಿಗದಿಯಾಗಿತ್ತು. ಆಕೆಯ ಎರಡು ಎಕರೆ ಎರೆಹೊಲವೋ, ಮಳೆ ಬಂದರೆ ಅಂಟು, ಹೋದರೆ ಕಲ್ಲು. ಅದಕ್ಕೆ ಬೇಕಾದದ್ದು ಸೂಡಿ ಕಡೆಯ ಕೆರೆಯ ಮರಳು ಬೆರೆತ ಹೂಳು. ಊರ ಹತ್ತಿರದ ಕೆರೆಯದು ಬರೀ ಜಿಗುಟು. ಎರಡೂ ಕೆರೆಯ ಮಣ್ಣು ಒಂದೇ ಎಂದು ಪರೀಕ್ಷೆಯ ಲೆಕ್ಕ ಬಂದರೆ ಹತ್ತಿರದ್ದನ್ನೇ ತಂದು ಸುರಿಯುತ್ತಾರೆ. ಹೊಲ ಕೆಟ್ಟ ಹಾಗೆಯೇ.

ಲೆಕ್ಕ ಹಾಕಲು ಬಂದವಳು ನೇತ್ರಾ, ಕೃಷಿ ಓದಿದ ಹುಡುಗಿ, ಗಜೇಂದ್ರಗಡದಲ್ಲಿ ಕೋಣೆ ಹಿಡಿದಿದ್ದಳು. ಒಂದೊಂದು ಕೆರೆಯಲ್ಲೂ ಮೂವತ್ತು ಕಡೆ ಅಗೆದು ಚೀಲ ತುಂಬುವ ಕೆಲಸವನ್ನು ಮಾನವ್ವನಿಗೇ ವಹಿಸಿದಳು. ವಾರದ ಮೇಲೆ ಅವಳ ಕಂಪ್ಯೂಟರಿನಿಂದ ಉತ್ತರ ಬಂತು: ವ್ಯತ್ಯಾಸವಿಲ್ಲ.

ಮಾನವ್ವ ಬಸ್ಸನ್ನೂ ಕಾಯದೆ ಗಜೇಂದ್ರಗಡಕ್ಕೆ ನಡೆದೇಬಿಟ್ಟಳು. ಜೊತೆಗೆ ಹೋದ ನನ್ನ ನೆರಳು ಎರಡು ಮೈಲಿ ಹಿಂದೆ ಬಿತ್ತು.

ನೇತ್ರಾ ಚೀಲ ಬಿಚ್ಚಿ ತೋರಿಸಿದಳು. "ಅವ್ವಾ, ಇದರಾಗ ಮರಳಿನ ಒಂದ ಹಳ್ಳೂ ಇಲ್ಲಲ್ಲ."

"ಹ್ಯಾಂಗ ಇರ್ತೈತಿ? ಮೂರು ಸಲ ಜರಡಿ ಹಿಡದೀನಿ. ಎತ್ತು ಮಾಡೂ ಮಣ್ಣಿಗೆ ಹಂಗ ಮಾಡ್ತೀವಿ. ಮಂದಿಗೆ ಕೊಡೂದ್ರಾಗ ಕಸ ಬಿಡಾಕ ನಾಚಿಕಿ ಬರೂದಿಲ್ಲೇನು?"

"ಆ ಮರಳ ನನಗ ಬೇಕಾಗಿತ್ತಬೇ. ಅದನ್ನ ಅಳೆಯಾಕ ಬಂದೀನಿ ನಾನು."

ಮಾನವ್ವ ಚೀಲದ ಬಾಯನ್ನು ಮತ್ತೆ ಕಟ್ಟಿದಳು. ತನ್ನ ಹೊಲಕ್ಕೆ ಬೇಕಾದ ಸಾಕ್ಷಿಯನ್ನು ತಾನೇ ಕೆರೆದಂಡೆಯಲ್ಲಿ ಚೆಲ್ಲಿ ಬಂದಿದ್ದಳು.

ಮರುದಿನದಿಂದ ಮೂರು ದಿನ ಎರಡೂ ಕೆರೆ ಸುತ್ತಿ, ಹಳ್ಳು, ಮರಳು, ಬಸವನಹುಳದ ಚಿಪ್ಪು ಸಮೇತ ಅರವತ್ತು ಚೀಲ ತುಂಬಿದಳು. ಕೈ ಜರಡಿಗೆ ತಡಕಾಡುತ್ತಿತ್ತು. ಎರಡು ಸಲ ನಾನೇ ಹಿಡಿದು ನಿಲ್ಲಿಸಿದೆ. ಚೀಲಗಳನ್ನು ನೇತ್ರಾಳಿಗೆ ಕಳಿಸಿದ ಮೇಲೆ ಉತ್ತರ ಕಾಯುತ್ತ ದಿನಕ್ಕೆ ನಾಲ್ಕು ಸಲ ಬಸ್ ನಿಲ್ದಾಣಕ್ಕೆ ಹೋಗಿ ಬಂದಳು.

ಕೊನೆಗೆ ನೇತ್ರಾ ಬಸ್ಸಿಳಿದು ಹೇಳಿದಳು: "ಎರಡೂ ಬ್ಯಾರೆ ಬ್ಯಾರೆ. ನೂರಕ್ಕ ತೊಂಬತ್ತೈದು ಪಾಲು ಖಾತ್ರಿ. ನಿಮಗ ಸೂಡಿ ಕಡೀದ ಬರ್ತೈತಿ."

ನಾನು ಸುಮ್ಮನಿರಲಾರದೆ ಕೆಣಕಿದೆ: "ಉಳಿದ ಐದು ಪಾಲು ಯಾಕ ಬಿಟ್ಟಿತಂತ, ಮಾನವ್ವ, ಆ ಕಂಪ್ಯೂಟರ್?"

ಆಗಲೇ ಹೊಲದ ಕಡೆ ಹೊರಟಿದ್ದವಳು ತಿರುಗಿ ಕೂಡ ನೋಡಲಿಲ್ಲ.

"ನಿಮ್ಮ ಮಾತಿನಾಗ ಖರೇ ಎಷ್ಟಿರ್ತೈತಿ, ಅಷ್ಟ ಬಿಟ್ಟೈತ್ರಿ, ಅಜ್ಜಾರ."