ಮತ್ತೋಡಿನ ದಾರಿಯಲ್ಲಿ ಬಂದ ಅರೆತಲೆನೋವು

ನನಗಾದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿದ್ದೆಗೆಡಿಸಿ, ಊರೂರು ಸುತ್ತಿಸಿ ನನಗೆ ಅರೆತಲೆನೋವು ಬರಿಸಿದವರು, ನಾನು ಕತ್ತಲ ಕೋಣೆಯಲ್ಲಿ ಕಣ್ಣು ಬಿಡಲಾರದೆ ಮಲಗಿದ್ದಾಗ, ಅದೇ ತಲೆನೋವನ್ನು ಮುಂದಿಟ್ಟು ನನ್ನ ದೊಡ್ಡಪ್ಪನ ಮಗಳನ್ನು ನನ್ನಿಂದ ದೂರ ಮಾಡಿದರು. ಮಾಡಿದವರು ಹೊರಗಿನವರಲ್ಲ, ನನ್ನ ತಮ್ಮ ಮತ್ತು ಅವನ ಹೆಂಡತಿ.

ತಮ್ಮನ ಮಗಳ ಮದುವೆ. ನಮ್ಮಲ್ಲಿ ಮನೆಯ ಹಿರಿಯರೊಬ್ಬರು ಹೊಸಿಲು ದಾಟಿ ಒಳಗೆ ಹೋಗಿ, ಅಕ್ಷತೆ ಇಟ್ಟು ಲಗ್ನಪತ್ರಿಕೆ ಕೊಟ್ಟರಷ್ಟೇ ಕರೆದಂತೆ. ಯಾರ ಮನೆಗೆ ಮೊದಲು, ಯಾರ ಮನೆಗೆ ಆಮೇಲೆ, ಎರಡನೆಯ ಪಂಕ್ತಿಗೆ ಕೂರಿಸಿದರೆಂದು ಯಾವ ಮದುವೆಯಲ್ಲಿ ಯಾರು ಉಣ್ಣದೆ ಎದ್ದುಹೋದರು ಎಂಬುದೆಲ್ಲ ನೆನಪಿರುವುದು ನನಗೊಬ್ಬಳಿಗೇ. ಆದ್ದರಿಂದ ಗಂಡಹೆಂಡಿರಿಬ್ಬರೂ ಅರವತ್ತೊಂಬತ್ತರ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು.

ಮೊದಲ ದಿನ ಚಿತ್ರದುರ್ಗ ಮತ್ತು ಹಿರೇಗುಂಟನೂರು, ಮರುದಿನ ಹೊಳಲ್ಕೆರೆ, ಮೂರನೆಯ ದಿನ ಹೊಸದುರ್ಗ. ಆದಿವಾಲದ ತಮ್ಮನ ಮನೆಗೆ ಮರಳಿ ಮಲಗುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ನಾಲ್ಕಕ್ಕೆ ಮತ್ತೆ ಸ್ನಾನ. ಊಟದ ಹೊತ್ತು ಮೀರಿದರೂ ಮನೆಮನೆಯಲ್ಲಿ ಚಹಾ ಮಾತ್ರ, ಬೇಡವೆಂದರೆ ಅವರಿಗೆ ಮುನಿಸು. ವಿಶ್ರಾಂತಿ ಬೇಕೆಂದು ನಾನು ಮೂರು ಸಲ ಕೇಳಿದ್ದೇನೆ: ಹಿರೇಗುಂಟನೂರಿನ ಬೇವಿನ ಮರದ ಕೆಳಗೆ, ಹೊಳಲ್ಕೆರೆಯ ಬಸ್ ನಿಲ್ದಾಣದ ಎದುರಿಗೆ, ಹೊಸದುರ್ಗ ಬಿಡುವಾಗ. ಮೂರು ಸಲವೂ ತಮ್ಮನ ಉತ್ತರ ಒಂದೇ.

"ಇನ್ನೊಂದ್ ಮನೆ ಚಿಕ್ಕಕ್ಕ. ಕಾರಲ್ ಕುಂತ್ಕಳಾದ್ರಾಗೆ ಏನ್ ದಣಿವು?"

ಕೊನೆಗೆ ಉಳಿದದ್ದು ಮತ್ತೋಡು. ದೊಡ್ಡಪ್ಪನ ಮಗಳು ಇರುವುದು ಅಲ್ಲಿ. ನನ್ನ ಮಗನ ಮದುವೆಗೆ ಪತ್ರಿಕೆಯನ್ನು ಬೇರೆಯವರ ಕೈಯಲ್ಲಿ ಕಳಿಸಿದೆನೆಂದು ಒಂಬತ್ತು ವರ್ಷ ಆಕೆ ನನ್ನೊಡನೆ ಮಾತು ಬಿಟ್ಟಿದ್ದಳು. ತಪ್ಪು ನನ್ನದೇ, ಒಪ್ಪಿಕೊಂಡಿದ್ದೇನೆ. ಹೋದ ವರ್ಷ ಆಕೆಯೇ ನನ್ನ ಕೈ ಹಿಡಿದು, "ಮುಂದಿನ್ ಮದುವಿಗೆ ನೀನೇ ಬಂದ್ ಕರೀಬೇಕು ನೋಡು, ಹೋಳಿಗಿ ತಟ್ಟಿ ಕಾಯ್ತಿರ್ತೀನಿ" ಎಂದಿದ್ದಳು.

ಮತ್ತೋಡಿಗೆ ಎರಡು ಮೈಲಿ ಇರುವಾಗ, ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ನನ್ನ ಕಣ್ಣಿಗೆ ಅರ್ಧರ್ಧ ಮಾಯವಾದವು. ಎಡಗಣ್ಣಿನ ಮೂಲೆಯಲ್ಲಿ ಒಡೆದ ಬಳೆಚೂರಿನಂಥ ಬೆಳಕು ಮಿನುಗತೊಡಗಿತು. ಕಾರು ಬದಿಗೆ ನಿಲ್ಲಿಸಿದರು. ಹತ್ತು ನಿಮಿಷಕ್ಕೆ ವಾಂತಿ. ಕಾರು ತಿರುಗಿಸಿದ್ದು ತಮ್ಮ. ತಿರುಗಿಸೆಂದು ಹೇಳಿದವಳು ನಾನಲ್ಲ. ಸೀಟಿಗೆ ಒರಗಿಕೊಂಡೇ, "ಮದುವೆಗೆ ಇನ್ನೂ ಹತ್ತು ದಿನ ಐತೆ. ಎರಡು ದಿನ ತಡಿ, ಮತ್ತೋಡಿಗೆ ನಾನೇ ಬರ್ತೀನಿ" ಎಂದೆ. ಅವನು ಹೂಂ ಎಂದು ತಲೆಯಾಡಿಸಿದ.

ಈರುಳ್ಳಿ ಹರವಿದ್ದ ಕೋಣೆಯಲ್ಲಿ ನನ್ನನ್ನು ಮಲಗಿಸಿ ಕಿಟಕಿಗೆ ಹೊಸ ಕಂಬಳಿ ಕಟ್ಟಿದರು. ಅದಕ್ಕೆ ಬಳಿದಿದ್ದ ಹುಣಸೆಬೀಜದ ಗಂಜಿಯ ವಾಸನೆಗೆ ಹೊಟ್ಟೆ ಮತ್ತೆ ತೊಳಸಿತು. ಹಳೆಯದನ್ನು ಕಟ್ಟಿರೆಂದು ಬೇಡಿಕೊಂಡೆ.

"ತಲೆನೋವಿಗೂ ಕಂಬ್ಳಿ ಆರಿಸ್ತೀರಲ್ಲ ಅತ್ತಿಗೆ!" ಎಂದಳು ತಮ್ಮನ ಹೆಂಡತಿ. "ಬಿಸ್ಲಿಗೆ ಯಾರಿಗ್ ತಲೆ ನೋಯಲ್ಲ? ಒಂದ್ ಗುಳಿಗೆ ನುಂಗಿ ಏಳ್ರಿ."

ಕಂಬಳಿ ಬದಲಾದದ್ದು ಸಂಜೆಗೆ. ಮೊದಲ ದಿನ ಹೊರಗೆ ಲೋಟ ಇಟ್ಟ ಸದ್ದೂ ಹುಬ್ಬಿನ ಮೇಲೆ ಮೊಳೆ ಹೊಡೆದಂತಿತ್ತು. ಎರಡನೆಯ ದಿನ ನೋವು ಇಳಿದು, ತಲೆ ನೆನೆದ ಮಣ್ಣಿನಂತೆ ಭಾರವಾಗಿ ಉಳಿಯಿತು. ಮೂರನೆಯ ದಿನ ರಾಗಿ ಅಂಬಲಿ ಹೊಟ್ಟೆಯಲ್ಲಿ ನಿಂತಿತು. ಕಂಬಳಿಯ ಅಂಚನ್ನು ಬೆರಳಗಲ ಸರಿಸಿ ಬೆಳಕು ನೋಡಿದೆ, ಕಣ್ಣು ತಡೆದುಕೊಂಡಿತು. ನಾಳೆ ಮತ್ತೋಡಿಗೆ ಹೊರಡಬಹುದೆಂದು ಸೀರೆ ತೆಗೆದಿಟ್ಟೆ.

ಆಗ ತಮ್ಮ ಬಂದು, "ಮತ್ತೋಡಿಂದು ಮುಗೀತು ಬಿಡು" ಎಂದ. ನಾನು ಮಲಗಿದ ಮರುದಿನವೇ ಪತ್ರಿಕೆಯ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿ, ಜೊತೆಗೆ ತನ್ನ ದನಿಯನ್ನೂ ಕಳಿಸಿದ್ದ. ಹಾಕಿಸಿ ಕೇಳಿದೆ.

"ದೊಡ್ಡಕ್ಕಾ, ಚಿಕ್ಕಕ್ಕ ನಿಮ್ಮೂರ್ ಹತ್ರ ಬಂದು, ತಲೆನೋವು ಅಂತ ಕಾರ್ ತಿರುಗಿಸ್ಬಿಟ್ಲು. ಇದನ್ನೇ ಕರ್ದಂಗೆ ತಿಳ್ಕಳ್ರಿ."

ಅದರ ಕೆಳಗೆ ಆಕೆಯ ಉತ್ತರ: "ಊರೂರ್ ಮನಿ ಹತ್ತಿಳಿದೋಳಿಗೆ ನಮ್ಮೂರ್ ಹತ್ರ ಬಂದಾಗ್ಲೇ ನೋವು ಬಂತೇನಪ್ಪ? ಇರ್ಲಿ ಬಿಡು. ಅವಳ್ ಬುದ್ಧಿ ನಂಗೇನ್ ಹೊಸದಾ?"

ಆ ಸಿಟ್ಟಿಗೆ ನೋವು ಅದೇ ಸಂಜೆ ಮರುಕಳಿಸಿತು. ನಿದ್ದೆಗೆಟ್ಟು ದಣಿದದ್ದೇ ಇದಕ್ಕೆ ಮೂಲ, ಇನ್ನೊಂದು ವಾರ ಎಲ್ಲಿಗೂ ಪ್ರಯಾಣ ಕೂಡದು ಎಂದರು ಹಿರಿಯೂರಿನ ವೈದ್ಯರು. ನಾಲ್ಕು ಸಲ ಮತ್ತೋಡಿಗೆ ಫೋನು ಮಾಡಿದೆ. ಆಕೆ ಎತ್ತಲಿಲ್ಲ. ತಮ್ಮನನ್ನು ಕೇಳಿದರೆ, "ನಾನೇನ್ ಸುಳ್ ಹೇಳ್ದೆ? ನೋವು ಬಂದಿದ್ದು ನಿಜ ತಾನೆ?" ಎನ್ನುತ್ತಾನೆ.

ನೋವು ಬಂದದ್ದು ನಿಜ ತಮ್ಮಾ. ಅದನ್ನು ಬರಿಸಿದವರು ಯಾರೆಂದು ನೀನು ಆಕೆಗೆ ಹೇಳಲಿಲ್ಲ. ಎರಡು ದಿನ ತಡಿ ಎಂದು ನಾನು ಬೇಡಿದ್ದನ್ನೂ ಹೇಳಲಿಲ್ಲ. ಮದುವೆಗೆ ಇನ್ನೂ ಐದು ದಿನವಿದೆ, ಕಾರು ಅಂಗಳದಲ್ಲೇ ಇದೆ. ಗಂಡಹೆಂಡಿರಿಬ್ಬರೂ ಮತ್ತೋಡಿಗೆ ಹೋಗಿ, ಆಕೆಯ ಎದುರು ಕುಳಿತು, ಕಾರು ತಿರುಗಿಸಿದ್ದು ನಾವು, ಅವಳಲ್ಲ ಎಂದು ನಿಮ್ಮ ಬಾಯಿಂದಲೇ ಹೇಳುವುದು ಯಾವ ದಿನ?