ಬೆರಿಲ್ ಕೇಳಿದ ಕಂಡಿ

ಬೆರಿಲ್ ಥ್ವೇಟ್ ಆಗಸ್ಟ್ ತಿಂಗಳ ಮೊದಲ ಭಾನುವಾರ ತೀರಿಕೊಂಡಳು. ಎಪ್ಪತ್ತಮೂರು ವರ್ಷ. ಹೃದಯಾಘಾತ ಎಂದು ವೈದ್ಯರು ಬರೆದುಕೊಟ್ಟರು.

ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ನಾವಿಬ್ಬರೂ ನಲವತ್ತು ವರ್ಷ ಒಂದೇ ನಡುಗೋಡೆಯ ಆಚೀಚೆ ಬಾಳಿದವರು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಮೇಲೆ ಅವಳು ಹಿತ್ತಲಿಗೆ ಬರುವ ಮುಳ್ಳಿಲಿಗಳನ್ನು ನೋಡಿಕೊಂಡಳು. ಬೊಗಸೆ ತುಂಬುವಷ್ಟು ಪ್ರಾಣಿ, ಹುಳು ಹುಡುಕುತ್ತ ರಾತ್ರಿಗೆ ಒಂದು ಮೈಲಿ ನಡೆಯುತ್ತದೆ. ಬೇಲಿ ಹತ್ತಲು ಬಾರದು. ನಮ್ಮ ಸಾಲಿನ ಎಲ್ಲರಿಗೂ ಹೇಳಿ ಬೇಲಿಯ ಬುಡದಲ್ಲಿ ಇಟ್ಟಿಗೆಯಗಲದ ಕಂಡಿ ಕೊರೆಸಿದವಳು ಬೆರಿಲ್. ನನ್ನದು ಸಾಲಿನ ಕೊನೆಯ ಮನೆ. ಮುಳ್ಳಿಲಿಗಳು ಹೊಲದತ್ತ ಹೋಗುವ ದಾರಿ ಅವಳ ಇನ್ನೊಂದು ಬದಿಯ ಮನೆಯ ಹಿತ್ತಲಿನಿಂದಲೇ.

ಸಂಜೆ ಅವಳು ಬೆಕ್ಕಿನ ಬಿಸ್ಕತ್ತು ಇಟ್ಟು, ಅದರ ಸುತ್ತ ಎಣ್ಣೆ ಕಲಸಿದ ಇದ್ದಿಲಪುಡಿ ಸವರಿ, ಆಚೆ ಕಾಗದ ಹಾಸುತ್ತಿದ್ದಳು. ಬೆಳಿಗ್ಗೆ ಕನ್ನಡಕ ಏರಿಸಿ ಕಾಗದದಲ್ಲಿ ಮೂಡಿದ ಹೆಜ್ಜೆ ಓದುತ್ತಿದ್ದಳು.

"ಇದು ಬೆಕ್ಕಲ್ಲ ಕಣೇ ಜೀನ್. ಬೆಕ್ಕಿಗೆ ನಾಲ್ಕೇ ಬೆರಳು. ಇಲ್ನೋಡು, ಕೂಸಿನ ಕೈ ಥರ ಐದು. ಪಕ್ಕದಲ್ಲಿ ಇನ್ನೂ ಚಿಕ್ಕವು ಎರಡು ಜೊತೆ. ನಮ್ಮವಳು ಮಕ್ಕಳನ್ನ ಕರ್ಕೊಂಡು ಬಂದಿದಾಳೆ."

"ಸ್ವಲ್ಪ ಹಾಲು ಇಡ್ಲಾ?"

"ಇಡು, ಹೊಟ್ಟೆ ಕೆಟ್ಟು ಸಾಯ್ಲಿ. ಎಷ್ಟು ಸಲ ಹೇಳೋದು, ನೀರು ಇಡೇ. ನಿನ್ನ ತಲೆಗಂತೂ ಏನೂ ಇಳಿಯಲ್ಲ."

ಅದು ಜೂನ್ ಕೊನೆ. ಮುಂದಿನ ವಾರ, ಅವಳ ಆಚೆ ಬದಿಯ ಮನೆಯನ್ನು ಹೊಸದಾಗಿ ಕೊಂಡಿದ್ದ ರಸೆಲ್ ಹೋಲ್ಡನ್ ಹಳೆಯ ಬೇಲಿ ಕಿತ್ತು, ಬುಡಕ್ಕೆ ಕಾಂಕ್ರೀಟ್ ಹಲಗೆ ಕೂರಿಸಿ ಹೊಸದು ಹಾಕಿಸಿದ. ಕಂಡಿ ಮುಚ್ಚಿತು. ಬೆರಿಲ್ ನಿಂಬೆ ಕೇಕು ಹಿಡಿದು ಅವನ ಬಾಗಿಲಿಗೆ ಹೋದಳು. ನಾನೂ ಜೊತೆಗಿದ್ದೆ.

"ಒಂದು ಸಣ್ಣ ಕಂಡಿ, ಮಿಸ್ಟರ್ ಹೋಲ್ಡನ್. ನಿಮಗೇನೂ ತೊಂದರೆ ಇಲ್ಲ ಅಂದ್ರೆ ಮಾತ್ರ."

"ಅಯ್ಯೋ, ಖಂಡಿತ, ಮಿಸೆಸ್ ಥ್ವೇಟ್. ಈ ಶನಿವಾರವೇ ಮಾಡಿಬಿಡ್ತೀನಿ."

ಮೂರು ಶನಿವಾರ ಅವನು ಕಾರು ತೊಳೆದ.

"ಇನ್ನೊಂದು ಸಲ ಕೇಳೇ," ಎಂದೆ.

"ಕೇಳಾಯ್ತಲ್ಲ. ಮತ್ತೆ ಕೇಳಿದ್ರೆ ಪೀಡಿಸಿದ ಹಾಗಾಗತ್ತೆ. ಮಾಡ್ತಾನೆ ಬಿಡು."

ನಾನೂ ಕೇಳಲಿಲ್ಲ. ನಮ್ಮ ಜನಕ್ಕೆ ಒಮ್ಮೆ ಕೇಳಿದರೆ ವಿನಂತಿ, ಎರಡನೆಯ ಸಲ ಕೇಳಿದರೆ ಜಗಳ. ದಿನವೂ ಅವನ ಜೊತೆ ಬಿಸಿಲಿನ ಬಗ್ಗೆ, ಮೋಡದ ಬಗ್ಗೆ ಮಾತಾಡಿದೆವು, ಅಷ್ಟೇ.

ನಾಲ್ಕನೆಯ ವಾರ, ಗುರುವಾರ ಬೆಳಿಗ್ಗೆ, ತಾಯಿ ಮುಳ್ಳಿಲಿ ಮನೆಮುಂದಿನ ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕು ಅಪ್ಪಚ್ಚಿಯಾಗಿ ಬಿದ್ದಿತ್ತು. ಹೊಲಕ್ಕೆ ಅದಕ್ಕೆ ಉಳಿದಿದ್ದ ದಾರಿ ಅದೊಂದೇ. ಬೆರಿಲ್ ಕಲ್ಲಿದ್ದಲ ಸಲಿಕೆಯಲ್ಲಿ ಎತ್ತಿ ತಂದಳು.

"ಮೂರು ವಾರ ಮರ್ಯಾದಸ್ಥೆಯಾಗಿದ್ದೆ ಕಣೇ," ಎಂದಳು. ಅಳಲಿಲ್ಲ.

ಮರುದಿನದ ಕಾಗದದಲ್ಲಿ ಚಿಕ್ಕ ಹೆಜ್ಜೆಗಳು ಮಾತ್ರ ಇದ್ದವು. ಅವು ಬೇಲಿಯತ್ತ ಹೋಗಿ ರಸ್ತೆಯ ಕಡೆ ತಿರುಗಿದ್ದವು. ಬೆರಿಲ್ ಅದನ್ನು ನನಗೆ ತೋರಿಸಿದಳು.

ಅವಳ ಶವಸಂಸ್ಕಾರದ ದಿನ ರಸೆಲ್ ನನ್ನ ಬಳಿ ಬಂದು, "ಪಾಪ, ಅವರು ಇನ್ನೊಂದು ಮಾತು ಹೇಳಿದ್ರೆ ಸಾಕಿತ್ತು," ಎಂದ. ನಾನು "ಹೌದು" ಎಂದು ಅವನ ತಟ್ಟೆಗೆ ಇನ್ನೊಂದು ಸ್ಯಾಂಡ್‌ವಿಚ್ ಹಾಕಿದೆ. ಅದನ್ನು ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಅವಳು ತೀರಿಕೊಂಡ ಆ ಭಾನುವಾರ ನಾನು ಚರ್ಚಿನಲ್ಲಿದ್ದೆ, ರಸೆಲ್ ಊರಲ್ಲಿರಲಿಲ್ಲ. ಮೊಣಕಾಲು ನೋವಿನ ಆ ಹೆಂಗಸು ಬೇಲಿಯ ಬುಡದಲ್ಲಿ ಮಂಡಿಯೂರಿ, ತೋಟದ ಕೈಗರಣೆಯಿಂದ ಕಾಂಕ್ರೀಟಿನ ಅಡಿ ಮಣ್ಣು ತೋಡಿದ್ದಳು. ಗುಂಡಿ ಆಚೆ ಬದಿಯ ಹುಲ್ಲನ್ನು ಸೀಳಿ ಮೇಲೆ ಬಂದಿತ್ತು. ಆಮೇಲೆ ಒಳಗೆ ಹೋಗಿ ಕೈ ತೊಳೆದಿದ್ದಾಳೆ, ಒಳ್ಳೆಯ ಕಾಗದ ತೆಗೆದಿದ್ದಾಳೆ. ಚೀಟಿಯನ್ನು ನನಗೆ ತೋರಿಸಿದವನು ರಸೆಲ್‌ನೇ. "ಪ್ರಿಯ ಮಿಸ್ಟರ್ ಹೋಲ್ಡನ್, ನಿಮ್ಮ ಹುಲ್ಲು ಸ್ವಲ್ಪ ಹಾಳಾಗಿದೆ. ದಯವಿಟ್ಟು ಕ್ಷಮಿಸಿ. ನಾನೇ ಸರಿಮಾಡಿಸಿ ಕೊಡುತ್ತೇನೆ."

ಅದನ್ನು ನಾಲ್ಕಾಗಿ ಮಡಚಿ, ಅವನ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಅಂಚೆ ಹಾಕುವ ಸೀಳಿನೊಳಗೆ ತೂರಿಸಿದಳು.